ಉಳಿ ಮಸೆಯುವ ಹೊತ್ತಿಗೂ ಕೂಲಿ ಬೇಕು

ಮರದ ಬಟ್ಟಲು ಕೊಳ್ಳಲು ಬಂದವರನ್ನು ಗಮನಿಸಿ. ಬೆಲೆ ಕೇಳುವ ಮೊದಲೇ ಬಟ್ಟಲನ್ನು ಕೈಗೆತ್ತಿಕೊಂಡು ಹೆಬ್ಬೆರಳಲ್ಲಿ ಒಳಗೆಲ್ಲ ಸವರುತ್ತಾರೆ. ನುಣುಪಾಗಿದ್ದರೆ ಎಷ್ಟು ಎಂದು ಕೇಳುತ್ತಾರೆ. ತರಿತರಿ ಇದ್ದರೆ ಅಲ್ಲೇ ಇಟ್ಟು ಮುಂದಿನ ಅಂಗಡಿಗೆ ನಡೆಯುತ್ತಾರೆ. ಮರ ಯಾವುದು, ಬಣ್ಣ ಯಾವುದು, ಮಾಡಿದವರು ಯಾರು ಎಂಬ ಮಾತೆಲ್ಲ ಆಮೇಲೆ. ಕಡೆಯುವವರ ದಿನದ ದುಡಿಮೆ ಮಾರಾಟವಾಗುವುದೋ ಇಲ್ಲವೋ ಎಂಬುದು ಅಷ್ಟರಲ್ಲೇ ತೀರ್ಮಾನವಾಗಿರುತ್ತದೆ.

ಆ ನುಣುಪು ಎಲ್ಲಿಂದ ಬರುತ್ತದೆ ಎಂದು ಕೇಳಿದರೆ ಹೆಚ್ಚಿನವರು ಸ್ಯಾಂಡ್ ಪೇಪರ್ ಕಡೆ ಕೈ ತೋರಿಸುತ್ತಾರೆ. ನಾವು ಇದನ್ನು ಒಪ್ಪುವುದಿಲ್ಲ. ನುಣುಪು ಬರುವುದು ಚೆನ್ನಾಗಿ ಮಸೆದ ಹೆರೆಯುವ ಉಳಿಯಿಂದ. ಸ್ಯಾಂಡ್ ಪೇಪರ್ ಕೊನೆಯಲ್ಲಿ ಒಂದು ಕೈ ಕೊಡುತ್ತದೆ, ಅಷ್ಟೆ. ಉಜ್ಜಿ ಉಜ್ಜಿ ನುಣುಪು ಮಾಡುವ ಅಭ್ಯಾಸ ಕಸುಬುದಾರರ ಜೇಬನ್ನೂ ಸವೆಸುತ್ತಿದೆ, ಎದೆಯನ್ನೂ ಕೆಡಿಸುತ್ತಿದೆ. ಇದಕ್ಕೆ ಕಾರಣ ಅವರ ಸೋಮಾರಿತನವಲ್ಲ. ಉಳಿ ಮಸೆಯಲು ಹಿಡಿಯುವ ಹೊತ್ತನ್ನು ಯಾರೂ ಕೆಲಸ ಎಂದು ಲೆಕ್ಕ ಹಾಕುವುದಿಲ್ಲ. ತೊಂದರೆಯ ಬೇರು ಅಲ್ಲಿದೆ.

ನಾರಿನ ದಿಕ್ಕು ಗೊತ್ತಿರಬೇಕು

ಲೇತ್ ಮೇಲೆ ಮರ ತಿರುಗಿಸಿ, ಉಳಿ ಹಿಡಿದು ಆಕಾರ ಕೊಡುವುದನ್ನು ಕಡೆಯುವುದು ಎನ್ನುತ್ತೇವೆ. ನಮ್ಮ ರಾಜ್ಯದಲ್ಲಿ ಈ ಕಸುಬಿನ ಹೆಸರು ಎತ್ತಿದರೆ ಚನ್ನಪಟ್ಟಣವೇ ನೆನಪಾಗುತ್ತದೆ. ಬೆಂಗಳೂರು–ಮೈಸೂರು ದಾರಿಯಲ್ಲಿರುವ ಈ ಬೊಂಬೆ ಊರಿನ ಆಟಿಕೆಗಳಿಗೆ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ಇದೆ. ಅಲ್ಲಿ ಹೆಚ್ಚಾಗಿ ಬಳಸುವುದು ಹಾಲೆ ಮರ. ಕೆಲವರು ಆಲೆ ಮರ ಎನ್ನುತ್ತಾರೆ. ಬಿಳಿ ಬಣ್ಣ, ಸಣ್ಣ ನಾರು, ಉಳಿಗೆ ಚೆನ್ನಾಗಿ ಒಗ್ಗುವ ಮರ ಅದು. ಆಂಧ್ರದ ಏಟಿಕೊಪ್ಪಾಕದಲ್ಲೂ ಇದೇ ಜಾತಿಯ ಮರದಿಂದ ಅರಗಿನ ಆಟಿಕೆ ಮಾಡುತ್ತಾರೆ.

ಆಟಿಕೆಗೂ ಬಟ್ಟಲಿಗೂ ಒಂದು ವ್ಯತ್ಯಾಸವಿದೆ. ಗಿಲಕಿ, ಬುಗುರಿಯಂಥವನ್ನು ಕಡೆಯುವಾಗ ಮರದ ನಾರು ಸಾಮಾನ್ಯವಾಗಿ ಲೇತಿನ ಉದ್ದಕ್ಕೇ ಇರುತ್ತದೆ. ಅಗಲ ಬಟ್ಟಲಿಗೆ ದಿಮ್ಮಿಯನ್ನು ಸೀಳಿ, ಆ ಸೀಳಿನಿಂದ ತುಂಡು ತೆಗೆಯುತ್ತಾರೆ. ಆಗ ನಾರು ಅಡ್ಡಕ್ಕೆ ಬರುತ್ತದೆ. ಬಟ್ಟಲು ಒಂದು ಸುತ್ತು ತಿರುಗುವಷ್ಟರಲ್ಲಿ ಉಳಿಗೆ ಎರಡು ಸಲ ನಾರಿನ ಮೈ ಸಿಗುತ್ತದೆ, ಎರಡು ಸಲ ನಾರಿನ ತುದಿ ಸಿಗುತ್ತದೆ. ತರಿ ಏಳುವುದು ಈ ತುದಿ ಸಿಗುವ ಎರಡು ಜಾಗದಲ್ಲಿ. ಹೊಸಬರು ಕಡೆದ ಬಟ್ಟಲು ಎರಡು ಕಡೆ ನುಣ್ಣಗೆ, ಎದುರುಬದುರಿನ ಇನ್ನೆರಡು ಕಡೆ ಒರಟಾಗಿ ಇರುವುದು ಇದಕ್ಕೇ.

ಕಡ್ಡಿ ಪೊರಕೆಯ ತುದಿಯನ್ನು ಕತ್ತಿಯಿಂದ ಸಮ ಮಾಡಿದ್ದೀರಾ? ಕಟ್ಟು ಬಿಗಿಯಾಗಿದ್ದಲ್ಲಿ ಕಡ್ಡಿಗಳು ಸಲೀಸಾಗಿ ತುಂಡಾಗುತ್ತವೆ. ಹಿಂದೆ ಆಸರೆಯಿಲ್ಲದ ಕಡ್ಡಿ ಬಾಗುತ್ತದೆ, ಸಿಗಿಯುತ್ತದೆ. ಮರದ ನಾರೂ ಹಾಗೆಯೇ. ಉಳಿ ಯಾವ ದಿಕ್ಕಿಗೆ ಹೋದರೆ ನಾರಿನ ಬೆನ್ನಿಗೆ ಇನ್ನೊಂದು ನಾರಿನ ಆಸರೆ ಸಿಗುತ್ತದೋ ಆ ದಿಕ್ಕಿಗೇ ಹೋಗಬೇಕು. ಅಡ್ಡ ನಾರಿನ ಬಟ್ಟಲಾದರೆ ಹೊರಮೈಯಲ್ಲಿ ಬುಡದಿಂದ ಬಾಯಿಯ ಕಡೆಗೆ, ಒಳಗೆ ಬಾಯಿಂದ ತಳದ ಕಡೆಗೆ. ದುಂಡು ದಿಮ್ಮಿಯನ್ನು ನಿಲ್ಲಿಸಿದಂತೆ ಉದ್ದ ನಾರಿನಲ್ಲೇ ತೋಡಿದ ಸಣ್ಣ ಬಟ್ಟಲಾದರೆ ಇದು ತಿರುಗುಮುರುಗು. ಅದರ ಒಳಗನ್ನು ತಳದ ನಡುವಿನಿಂದ ಬಾಯಿಯ ಕಡೆಗೆ ಕಡೆಯಬೇಕು.

ಈ ದಿಕ್ಕು ತಪ್ಪಿದರೆ ನಾರು ಬೇರುಸಹಿತ ಕಿತ್ತು ಬಂದು ಸಣ್ಣ ಗುಳಿ ಬೀಳುತ್ತದೆ. ಆ ಗುಳಿ ಹೋಗಬೇಕಾದರೆ ಸುತ್ತಲಿನ ಮರವನ್ನೆಲ್ಲ ಗುಳಿಯ ಆಳದವರೆಗೆ ತೆಗೆಯಬೇಕು. ಆ ಕೆಲಸ ಸ್ಯಾಂಡ್ ಪೇಪರಿನದಲ್ಲ.

ಹೆರೆಯುವ ಉಳಿಯ ಗುಟ್ಟು

ಹೆರೆಯುವುದು ನಮಗೆ ಹೊಸದೇನಲ್ಲ. ಕೊಡಲಿ ಕಾವು, ಒನಕೆ ನುಣುಪು ಮಾಡಲು ಒಡೆದ ಗಾಜಿನ ಚೂರಿನಿಂದ ಹೆರೆಯುವ ಹಿರಿಯರು ಹಳ್ಳಿಗಳಲ್ಲಿ ಈಗಲೂ ಇದ್ದಾರೆ. ಗಾಜಿನ ಹರಿತ ಅಂಚು ಮರದ ಮೇಲೆ ಹೋದಾಗ ಈರುಳ್ಳಿ ಸಿಪ್ಪೆಗಿಂತ ತೆಳುವಾದ ಹೆರಕಲು ಏಳುತ್ತದೆ. ಲೇತಿನ ಹೆರೆಯುವ ಉಳಿ ಮಾಡುವುದೂ ಇದನ್ನೇ.

ತೋಡುವ ಉಳಿ ಮರವನ್ನು ಕತ್ತರಿಸಿ ಆಕಾರ ಕೊಡುತ್ತದೆ. ಹೆರೆಯುವ ಉಳಿ ಆಮೇಲೆ ಬಂದು, ತೋಡುವ ಉಳಿ ಬಿಟ್ಟುಹೋದ ಗೆರೆ ಮತ್ತು ಏರುತಗ್ಗನ್ನು ತೆಗೆಯುತ್ತದೆ. ಇದರ ಬಾಯಿ ಚಾಕುವಿನ ಹಾಗೆ ತೆಳ್ಳಗಿರುವುದಿಲ್ಲ. ಸುಮಾರು 70ರಿಂದ 80 ಡಿಗ್ರಿ ಕೋನದಲ್ಲಿ, ಮೊಂಡಾಗಿಯೇ ಕಾಣುತ್ತದೆ. ಹಾಗಾದರೆ ಮರವನ್ನು ತೆಗೆಯುವುದು ಯಾವುದು?

ಕುಡುಗೋಲು ಮಸೆದವರಿಗೆ ಉತ್ತರ ಗೊತ್ತಿದೆ. ಒಂದು ಮಗ್ಗುಲನ್ನು ಕಲ್ಲಿಗೆ ಉಜ್ಜಿದಾಗ ಇನ್ನೊಂದು ಮಗ್ಗುಲಲ್ಲಿ ಬೆರಳಿಗೆ ಒರಟೊರಟಾಗಿ ಏನೋ ತಾಗುತ್ತದೆ. ಕಬ್ಬಿಣದ ಅಂಚು ಮಡಚಿಕೊಂಡು ಎದ್ದ ಕೂದಲೆಳೆಯಂಥ ಕೊಕ್ಕೆ ಅದು. ಕುಡುಗೋಲಿನಲ್ಲಿ ಆ ಕೊಕ್ಕೆ ಬೇಡ, ಒರೆಸಿ ತೆಗೆಯುತ್ತೇವೆ. ಹೆರೆಯುವ ಉಳಿಯಲ್ಲಿ ಕೆಲಸ ಮಾಡುವುದೇ ಆ ಕೊಕ್ಕೆ. ಸಾಣೆ ಚಕ್ರಕ್ಕೆ ಉಳಿಯ ಬಾಯಿಯನ್ನು ಹದವಾಗಿ ತಾಗಿಸಿದಾಗ ಮೇಲಂಚಿನಲ್ಲಿ ಅದು ಏಳುತ್ತದೆ. ಗಟ್ಟಿ ಉಕ್ಕಿನ ನುಣುಪು ಕಂಬಿಯಿಂದ ಅಂಚನ್ನು ಒತ್ತಿ ತೀಡಿಯೂ ಅದನ್ನು ಎಬ್ಬಿಸಬಹುದು.

ಕೊಕ್ಕೆ ಇದೆಯೋ ಇಲ್ಲವೋ ಎಂದು ತಿಳಿಯುವುದು ಸುಲಭ. ಉಳಿಯಿಂದ ಏನು ಉದುರುತ್ತಿದೆ ನೋಡಿ. ಹತ್ತಿಯ ಎಳೆಯಂತೆ, ನವಿರು ತೆಂಗಿನ ತುರಿಯಂತೆ ಉದುರುತ್ತಿದ್ದರೆ ಉಳಿ ಹರಿತವಾಗಿದೆ. ರಾಗಿ ಹಿಟ್ಟಿನಂಥ ಪುಡಿ ಉದುರುತ್ತಿದ್ದರೆ ಕೊಕ್ಕೆ ಸವೆದಿದೆ, ಉಳಿ ಬರೀ ಉಜ್ಜುತ್ತಿದೆ. ಸವೆದ ಉಳಿಯನ್ನು ಇನ್ನಷ್ಟು ಒತ್ತಿ ಹಿಡಿದರೆ ನಾರು ಕೀಳುತ್ತದೆ, ಮರ ಬಿಸಿಯಾಗುತ್ತದೆ.

ಇಲ್ಲೊಂದು ಕಷ್ಟವಿದೆ. ಈ ಕೊಕ್ಕೆ ಕೆಲವೇ ನಿಮಿಷ ಬಾಳುತ್ತದೆ. ಒಂದು ಬಟ್ಟಲು ಮುಗಿಸುವಷ್ಟರಲ್ಲಿ ಒಂದೆರಡು ಸಲವಾದರೂ ಸಾಣೆಗೆ ಹೋಗಿಬರಬೇಕು. ಬೆಳಿಗ್ಗೆ ಒಮ್ಮೆ ಮಸೆದು ಸಂಜೆವರೆಗೆ ಓಡಿಸುತ್ತೇನೆ ಎಂದರೆ ಆಗದು.

ಹಿಡಿಯುವ ಹದ

ಕಲಿಯುತ್ತಿರುವ ತಮ್ಮ ತಂಗಿಯರಿಗಾಗಿ ಇಷ್ಟು ಬರೆಯುತ್ತೇವೆ. ಪಳಗಿದವರಿಗೆ ಇದೆಲ್ಲ ಗೊತ್ತಿರುವುದೇ.

ಹೆರೆಯುವ ಉಳಿಯ ಹಿಡಿ ಸ್ವಲ್ಪ ಮೇಲೆ, ಬಾಯಿ ಸ್ವಲ್ಪ ಕೆಳಗೆ ಇರಬೇಕು. ಬಾಯಿ ಮೇಲೆದ್ದರೆ ಉಳಿ ಮರಕ್ಕೆ ಕಚ್ಚಿಕೊಂಡು ಕೈಯನ್ನೇ ಎಳೆಯುತ್ತದೆ. ಬಟ್ಟಲಿನ ಒಳಗೆ ಹೆರೆಯುವಾಗ ಬಾಯಿ ನಡುಮಟ್ಟಕ್ಕಿಂತ ಒಂಚೂರು ಮೇಲಿರಲಿ. ಹೊರಗೆ ಹೆರೆಯುವಾಗ ನಡುಮಟ್ಟದಲ್ಲಿ ಅಥವಾ ಒಂಚೂರು ಕೆಳಗಿರಲಿ. ಹೀಗಿದ್ದರೆ ಅಕಸ್ಮಾತ್ ಕಚ್ಚಿದರೂ ಉಳಿ ಕೆಳಕ್ಕೆ ಜಾರಿದಾಗ ಮರದಿಂದ ದೂರ ಹೋಗುತ್ತದೆ, ಮರದೊಳಕ್ಕೆ ನುಗ್ಗುವುದಿಲ್ಲ.

ಟೂಲ್ ರೆಸ್ಟ್ ಎನ್ನುತ್ತಾರಲ್ಲ, ಉಳಿ ಊರುವ ಆ ಕಬ್ಬಿಣದ ಪಟ್ಟಿ ಮರಕ್ಕೆ ಹತ್ತಿರ ಇರಲಿ. ಅದನ್ನು ಸರಿಸುವಾಗ ಲೇತ್ ನಿಲ್ಲಿಸಿ. ಉಳಿಯ ಬಾಯಿ ಬಟ್ಟಲಿನ ಬಾಗಿಗಿಂತ ಸ್ವಲ್ಪ ಹೆಚ್ಚು ದುಂಡಗಿರಲಿ, ಆಗ ಒಂದು ಸಣ್ಣ ಭಾಗ ಮಾತ್ರ ಮರಕ್ಕೆ ತಾಗುತ್ತದೆ. ಇಡೀ ಬಾಯಿ ಒಟ್ಟಿಗೆ ತಾಗಿದರೆ ಬಟ್ಟಲು ಅದುರಿ ಮೈಮೇಲೆ ಅಲೆ ಅಲೆ ಏಳುತ್ತದೆ. ತೆಳು ಬಟ್ಟಲಿನಲ್ಲಿ ಇದು ಇನ್ನೂ ಜಾಸ್ತಿ. ಒತ್ತಬೇಡಿ. ಹಾಲಿನ ಕೆನೆ ತೆಗೆಯುವಷ್ಟು ಹಗುರವಾಗಿ ಸಾಗಿಸಿ.

ಹೊರಮೈಗೆ ಇನ್ನೊಂದು ಉಪಾಯವಿದೆ. ಉಳಿಯನ್ನು ಪಟ್ಟಿಯ ಮೇಲೆ ಚಪ್ಪಟೆಯಾಗಿ ಮಲಗಿಸುವ ಬದಲು ಸುಮಾರು 45 ಡಿಗ್ರಿಗೆ ವಾಲಿಸಿ ಹಿಡಿಯುವುದು. ಆಗ ಅಂಚು ನಾರಿಗೆ ನೇರವಾಗಿ ಗುದ್ದದೆ ಓರೆಯಾಗಿ ಜಾರುತ್ತದೆ. ಕುಡುಗೋಲನ್ನು ಪೈರಿಗೆ ಓರೆಯಾಗಿ ಎಳೆದರೆ ಸಲೀಸಾಗಿ ಕೊಯ್ಯುತ್ತದಲ್ಲ, ಹಾಗೆ. ಬಾಯಿಯ ಕೆಳಭಾಗ ಮಾತ್ರ ತಾಗಲಿ. ಮೇಲಿನ ಮೂಲೆ ತಾಗಿದರೆ ಉಳಿ ಕಚ್ಚುತ್ತದೆ.

ಎಷ್ಟು ಹೆರೆದರೂ ತುದಿ ನಾರು ಎದ್ದೇ ನಿಂತರೆ, ಒದ್ದೆ ಬಟ್ಟೆಯಲ್ಲಿ ಒಮ್ಮೆ ಒರೆಸಿ. ಮಲಗಿದ್ದ ನಾರು ಎದ್ದು ನಿಲ್ಲುತ್ತದೆ. ಒಣಗಿದ ಮೇಲೆ ಹೊಸದಾಗಿ ಮಸೆದ ಉಳಿಯಿಂದ ಒಂದೇ ಸಲ ಹಗುರವಾಗಿ ಹೆರೆಯಿರಿ. ಅರಗನ್ನು ಸ್ಪಿರಿಟಿನಲ್ಲಿ ಕರಗಿಸಿದ ಫ್ರೆಂಚ್ ಪಾಲಿಶನ್ನು ತೆಳುವಾಗಿ ಹಚ್ಚಿ, ಒಣಗಿಸಿ, ಆಮೇಲೆ ಹೆರೆದರೂ ಆಗುತ್ತದೆ. ಅದು ನಾರಿಗೆ ಗಂಜಿ ಹಾಕಿದಂತೆ ಬಿಗಿ ಕೊಡುತ್ತದೆ.

ಮರ ಹಸಿಯಾಗಿದ್ದರೆ ಯಾವ ಉಳಿಯೂ ಕೊನೆಯ ನುಣುಪು ಕೊಡದು. ಹಸಿಯಲ್ಲಿ ದಪ್ಪಕ್ಕೆ ಕಡೆದು, ನೆರಳಲ್ಲಿ ತಿಂಗಳುಗಟ್ಟಲೆ ಒಣಗಿಸಿ, ಆಮೇಲೆ ಕೊನೆ ಕಡೆತ ಮಾಡಬೇಕು. ದಪ್ಪ ಎಷ್ಟಿರಬೇಕು ಎಂದರೆ ಅಗಲದ ಹತ್ತರಲ್ಲಿ ಒಂದು ಪಾಲು. 10 ಇಂಚಿನ ಬಟ್ಟಲಿಗೆ 1 ಇಂಚು.

ಉಳಿಯ ಬಗ್ಗೆ ಒಂದು ಎಚ್ಚರಿಕೆ. ಹಳೆಯ ಅರವನ್ನು ಸಾಣೆ ಹಿಡಿದು ಉಳಿ ಮಾಡಿಕೊಳ್ಳುವವರಿದ್ದಾರೆ. ಅರದ ಉಕ್ಕು ತುಂಬ ಗಡುಸು, ಅಷ್ಟೇ ಪೆಡಸು. ಬಟ್ಟಲಿನೊಳಗೆ ಕಚ್ಚಿಕೊಂಡರೆ ಪಟ್ಟೆಂದು ಮುರಿದು ಚೂರು ಮುಖಕ್ಕೆ ಹಾರಬಹುದು. ಕುಲುಮೆಯವರ ಹತ್ತಿರ ಹದ ಇಳಿಸಿಕೊಳ್ಳದೆ ಅದನ್ನು ಬಳಸಬೇಡಿ. ಸಾದಾ ಉಕ್ಕಿನ ಉಳಿಯನ್ನು ಗ್ರೈಂಡರಿಗೆ ಒತ್ತಿ ಹಿಡಿದು ಅಂಚು ನೀಲಿಗೆ ತಿರುಗಿದರೆ ಅಲ್ಲಿ ಹದ ಹೋಯಿತು ಎಂದೇ ಅರ್ಥ. ಹೈಸ್ಪೀಡ್ ಸ್ಟೀಲ್ ಆ ಬಿಸಿಯನ್ನು ತಡೆದುಕೊಳ್ಳುತ್ತದೆ. ಸೆರಗು, ದುಪ್ಪಟ್ಟ, ಉದ್ದ ತೋಳು, ಬಿಚ್ಚಿದ ಕೂದಲು ಲೇತಿನ ಹತ್ತಿರ ಬರಬಾರದು. ಕೈಗವಸು ಹಾಕಲೇಬೇಡಿ.

ಧೂಳಿನ ಲೆಕ್ಕ

ಉಳಿ ಮೊಂಡಾಗಿದ್ದಾಗ ಉಳಿದಿರುವ ದಾರಿ ಒರಟು ಸ್ಯಾಂಡ್ ಪೇಪರ್. 80ನೇ ನಂಬರಿನಿಂದ ಶುರುಮಾಡಿ 120, 180, 240, 320 ಎಂದು ಒಂದೊಂದೇ ಮೆಟ್ಟಿಲು ಹತ್ತಬೇಕು. ನಡುವೆ ಒಂದನ್ನು ಬಿಟ್ಟರೆ ಹಿಂದಿನ ಪೇಪರಿನ ಗೀರು ಉಳಿಯುತ್ತದೆ. ಪ್ರತಿ ಮೆಟ್ಟಿಲಿಗೂ ಪೇಪರ್ ಸವೆಯುತ್ತದೆ, ಹೊತ್ತು ಹೋಗುತ್ತದೆ, ಧೂಳು ಏಳುತ್ತದೆ.

ಹರಿತ ಉಳಿಯಿಂದ ಬರುವ ಹೆರಕಲು ಕಾಲ ಬುಡದಲ್ಲಿ ಬೀಳುತ್ತದೆ. ಗುಡಿಸಿ ಒಲೆಗೆ ಹಾಕಬಹುದು. ಉಜ್ಜಿದ ಧೂಳು ಬೀಳುವುದಿಲ್ಲ, ಗಾಳಿಯಲ್ಲಿ ತೇಲುತ್ತದೆ. ಅದರಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣದು ಮೂಗು ದಾಟಿ ಎದೆಯೊಳಗೆ ಇಳಿಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1995ರ ತನ್ನ ವರದಿಯಲ್ಲಿ ಮರದ ಧೂಳನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೇ ಸೇರಿಸಿದೆ. ಮೂಗಿನೊಳಗಿನ ಕ್ಯಾನ್ಸರ್ ಅದರಲ್ಲಿ ಮುಖ್ಯವಾದದ್ದು. ಕೆಮ್ಮು, ದಮ್ಮು, ಚರ್ಮದ ತುರಿಕೆ ಬೇರೆ. ಮೂಗಿಗೆ ಟವೆಲ್ ಕಟ್ಟಿಕೊಂಡರೆ ದಪ್ಪ ಧೂಳು ನಿಲ್ಲುತ್ತದೆ, ಸಣ್ಣದು ನಿಲ್ಲುವುದಿಲ್ಲ.

ಲೇತ್ ಮನೆಯ ಜಗಲಿಯಲ್ಲಿದ್ದರೆ ಆ ಧೂಳು ಅಡುಗೆಮನೆಗೂ ಹೋಗುತ್ತದೆ, ತೊಟ್ಟಿಲಿಗೂ ಹೋಗುತ್ತದೆ. ಆದ್ದರಿಂದ ಒಂದು ಉಳಿ ಹರಿತವಾಗಿರುವುದು ಇಡೀ ಮನೆಯ ಆರೋಗ್ಯದ ವಿಷಯ.

ಸ್ಯಾಂಡ್ ಪೇಪರ್ ಬೇಡವೇ ಬೇಡ ಎಂದು ನಾವು ಹೇಳುತ್ತಿಲ್ಲ. ಊಟದ ಬಟ್ಟಲಿಗೆ, ಮಗು ಬಾಯಿಗಿಡುವ ಆಟಿಕೆಗೆ ಕೊನೆಯಲ್ಲಿ ನಯವಾದ ಪೇಪರಿನಿಂದ ಒಮ್ಮೆ ಸವರುವುದು ಸರಿಯೇ. ಚೆನ್ನಾಗಿ ಹೆರೆದ ಬಟ್ಟಲಿಗೆ 240ರಿಂದ ಶುರುಮಾಡಿದರೆ ಸಾಕಾಗುತ್ತದೆ. 80 ಮತ್ತು 120ರ ಧೂಳು ಏಳುವುದೇ ಇಲ್ಲ.

ಬಣ್ಣ ಹಾಕಿದರೆ ಎಲ್ಲ ಮುಚ್ಚಿಹೋಗುತ್ತದೆ ಎಂಬ ಮಾತೂ ಇದೆ. ಚನ್ನಪಟ್ಟಣದ ಪದ್ಧತಿಯಲ್ಲಿ ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತುತ್ತಾರೆ. ಉಜ್ಜಾಟದ ಬಿಸಿಗೆ ಅರಗು ಕರಗಿ ಮೈಗೆ ಹಿಡಿಯುತ್ತದೆ. ಆಮೇಲೆ ತಾಳೆಗರಿ ಹಿಡಿದು ಹೊಳಪು ತರುತ್ತಾರೆ. ಸಣ್ಣ ಗೀರು ಅರಗಿನಲ್ಲಿ ಮುಚ್ಚಬಹುದು. ಕಿತ್ತ ನಾರಿನ ಗುಳಿ ಮಾತ್ರ ಹೊಳಪು ಬಂದ ಮೇಲೆ ಇನ್ನೂ ಎದ್ದು ಕಾಣುತ್ತದೆ. ಗೋಡೆಯ ಉಬ್ಬುತಗ್ಗು ಸುಣ್ಣ ಬಳಿದಾಗ ಕಾಣದೆ ಆಯಿಲ್ ಪೇಂಟ್ ಬಳಿದಾಗ ಕಂಡಂತೆ.

ಮಸೆಯುವುದು ಕೆಲಸವಲ್ಲವೇ?

ಈಗ ನಮ್ಮ ಮುಖ್ಯ ಮಾತಿಗೆ ಬರುತ್ತೇವೆ. ಹರಿತ ಉಳಿಯಿಂದ ಇಷ್ಟೆಲ್ಲ ಲಾಭವಿದ್ದರೆ ಜನ ಯಾಕೆ ಮಸೆಯುವುದಿಲ್ಲ?

ಕೂಲಿ ಸಿಗುವುದು ಪೀಸಿನ ಲೆಕ್ಕದಲ್ಲಿ. ಎಷ್ಟು ಬಟ್ಟಲು, ಅಷ್ಟು ದುಡ್ಡು. ಉಳಿ ಹಿಡಿದು ಗ್ರೈಂಡರ್ ಮುಂದೆ ನಿಂತಾಗ ಬಟ್ಟಲು ಹೆಚ್ಚಾಗುವುದಿಲ್ಲ, ಹೊತ್ತು ಹೋದಂತೆ ಅನಿಸುತ್ತದೆ. ಎಷ್ಟೋ ಕಡೆ ನಾಲ್ಕೈದು ಲೇತಿಗೆ ಒಂದೇ ಗ್ರೈಂಡರ್, ಅದೂ ಶೆಡ್ಡಿನ ಇನ್ನೊಂದು ಮೂಲೆಯಲ್ಲಿ. ಹೋಗಿ ಸರತಿ ನಿಲ್ಲುವ ಬದಲು ಕೂತಲ್ಲೇ ಸ್ಯಾಂಡ್ ಪೇಪರ್ ಎತ್ತಿಕೊಳ್ಳುವುದು ಸಹಜ. ಹೆಣ್ಣುಮಕ್ಕಳಿಗೆ ಉಳಿ ಮಸೆಯುವುದನ್ನೇ ಕಲಿಸದೆ, ಉಜ್ಜುವ ಮತ್ತು ಬಣ್ಣದ ಕೆಲಸಕ್ಕೆ ಮಾತ್ರ ಕೂರಿಸುವುದೂ ಇದೆ. ಹೀಗೆ ಹೆಚ್ಚು ಧೂಳು ಕುಡಿಯುವವರು ಕಡಿಮೆ ಕೂಲಿಯವರೇ ಆಗುತ್ತಾರೆ.

ಒಂದು ಲೆಕ್ಕ ಹಾಕೋಣ. ಇದು ಉದಾಹರಣೆಗೆ ಮಾತ್ರ, ನಿಮ್ಮ ಲೆಕ್ಕ ಬೇರೆ ಇರಬಹುದು. ಮೊಂಡು ಉಳಿಯ ಬಟ್ಟಲಿಗೆ 10 ನಿಮಿಷ ಉಜ್ಜಬೇಕು ಎಂದಿಟ್ಟುಕೊಳ್ಳಿ. 20 ಬಟ್ಟಲಿಗೆ 200 ನಿಮಿಷ. ಹರಿತ ಉಳಿಯಾದರೆ ಬಟ್ಟಲಿಗೆ 2 ನಿಮಿಷ ಮಸೆಯಲು, 2 ನಿಮಿಷ ಹೆರೆಯಲು, 2 ನಿಮಿಷ ನಯದ ಪೇಪರಿಗೆ. 20 ಬಟ್ಟಲಿಗೆ 120 ನಿಮಿಷ. ಉಳಿದದ್ದು 80 ನಿಮಿಷ, ಮೇಲೆ ಒರಟು ಪೇಪರಿನ ಖರ್ಚೂ ಇಲ್ಲ. ಮಸೆಯಲು ಹೋದ 40 ನಿಮಿಷ ಕಣ್ಣಿಗೆ ಕಾಣುತ್ತದೆ. ಉಳಿದ 80 ನಿಮಿಷ ಕಾಣುವುದಿಲ್ಲ. ನಮ್ಮ ತಕರಾರು ಇಷ್ಟೇ.

ಇದನ್ನು ಸರಿಪಡಿಸಬೇಕಾದವರು ಮೂವರು.

ಮೊದಲು, ಕೆಲಸ ಕೊಡುವವರು. ಪೀಸಿನ ದರ ಕಟ್ಟುವಾಗ ಮಸೆಯುವ ಹೊತ್ತನ್ನೂ ಸೇರಿಸಿ ಕಟ್ಟಬೇಕು. ಎರಡು ಲೇತಿಗೆ ಒಂದಾದರೂ ಗ್ರೈಂಡರ್ ಕೈಗೆಟಕುವ ದೂರದಲ್ಲಿ ಇಡಬೇಕು. ಇದು ದಾನವಲ್ಲ. ಅವರ ಮಾಲೇ ಚೆನ್ನಾಗುತ್ತದೆ, ವಾಪಸು ಬರುವ ಪೀಸು ಕಡಿಮೆಯಾಗುತ್ತದೆ.

ಎರಡನೆಯದು, ತರಬೇತಿ ಕೊಡುವವರು. 2023ರ ಸೆಪ್ಟೆಂಬರ್ 17ರಂದು ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಬಡಗಿಗಳೂ ಇದ್ದಾರೆ, ಗೊಂಬೆ ಆಟಿಕೆ ಮಾಡುವವರೂ ಇದ್ದಾರೆ. ಮೂಲ ತರಬೇತಿ 5ರಿಂದ 7 ದಿನ, ದಿನಕ್ಕೆ 500 ರೂಪಾಯಿ ಭತ್ಯೆ. ಆ ದಿನಗಳಲ್ಲಿ ಪೂರ್ತಿ ಒಂದು ದಿನವನ್ನು ಉಳಿ ಮಸೆಯಲು ಮೀಸಲಿಡಬೇಕು ಎಂಬುದು ನಮ್ಮ ಒತ್ತಾಯ. ಗಂಡು ಹೆಣ್ಣು ಎನ್ನದೆ ಎಲ್ಲರೂ ತಮ್ಮ ಕೈಯಿಂದ ಉಳಿ ಮಸೆದು, ಅದರಿಂದ ಒಂದು ಬಟ್ಟಲು ಹೆರೆದು ತೋರಿಸಿದ ಮೇಲೆಯೇ ಪ್ರಮಾಣಪತ್ರ ಕೊಡಲಿ.

ಮೂರನೆಯದು, ಸ್ವಂತ ಲೇತ್ ಇರುವವರು. ಅದೇ ಯೋಜನೆಯಲ್ಲಿ ಉಪಕರಣಕ್ಕೆಂದು 15,000 ರೂಪಾಯಿವರೆಗೆ ಇ-ವೋಚರ್ ಇದೆ. ಶೇ 5ರ ಬಡ್ಡಿಗೆ ಮೊದಲ ಕಂತಿನಲ್ಲಿ 1 ಲಕ್ಷ ರೂಪಾಯಿವರೆಗೆ ಸಾಲವೂ ಇದೆ. ಈ ದುಡ್ಡಿನಲ್ಲಿ ಏನೇನು ಬೇಕು ಎಂದು ಪಟ್ಟಿ ಮಾಡುವಾಗ ಹೊಸ ಲೇತ್, ಹೊಸ ಮೋಟರ್ ಮೊದಲು ನೆನಪಾಗುತ್ತವೆ. ಒಂದು ಒಳ್ಳೆಯ ಗ್ರೈಂಡರ್, ಒಂದೆರಡು ಹೈಸ್ಪೀಡ್ ಸ್ಟೀಲ್ ಉಳಿ, ಸಣ್ಣ ಧೂಳು ತಡೆಯುವ ಮಾಸ್ಕ್ ಅವಕ್ಕಿಂತ ಮೇಲೆ ಬರಬೇಕು.

ಕೊಳ್ಳುವವರಿಗೂ ಎರಡು ಮಾತು

ನಮ್ಮ ಓದುಗರಲ್ಲಿ ಹೆಚ್ಚಿನವರು ಬಟ್ಟಲು ಕಡೆಯುವವರಲ್ಲ, ಕೊಳ್ಳುವವರು. ಬಟ್ಟಲನ್ನು ಬೆಳಕಿಗೆ ಓರೆಯಾಗಿ ಹಿಡಿದು ಒಳಗಿನ ತಳ ನೋಡಿ. ಎದುರುಬದುರು ಎರಡು ಕಡೆ ಮಬ್ಬಾಗಿ, ಒರಟಾಗಿ ಇದ್ದರೆ ಅಲ್ಲಿ ನಾರು ಕಿತ್ತಿದೆ. ಸುತ್ತಲೂ ಬಳೆಬಳೆಯಂತೆ ಗೀರು ಕಂಡರೆ ಒರಟು ಪೇಪರಿನಲ್ಲಿ ಉಜ್ಜಿ ಅಲ್ಲಿಗೇ ಬಿಟ್ಟಿದ್ದಾರೆ. ಎರಡೂ ಇಲ್ಲದೆ ಮರದ ನಾರಿನ ಚಿತ್ತಾರ ಸ್ಪಷ್ಟವಾಗಿ ಕಂಡರೆ ಅದು ಹರಿತ ಉಳಿಯ ಕೆಲಸ. ಅಂಥ ಬಟ್ಟಲಿಗೆ ಹತ್ತಿಪ್ಪತ್ತು ರೂಪಾಯಿ ಹೆಚ್ಚು ಹೇಳಿದರೆ ಚೌಕಾಸಿ ಮಾಡಬೇಡಿ. ಅರಗು ಹಾಕಿದ ಬಟ್ಟಲಿಗೆ ಬಿಸಿ ಸಾರು ಬೇಡ, ಬಿಸಿಗೆ ಅರಗು ಮೆತ್ತಗಾಗುತ್ತದೆ. ಕಡಲೆಪುರಿ, ಹಣ್ಣು, ಒಣ ತಿಂಡಿಗೆ ಅದು ಚೆನ್ನ.

ಕಡೆಯುವವರು ನಾಳೆಯೇ ಒಂದು ಕೆಲಸ ಮಾಡಿ. ಒಂದು ಬಟ್ಟಲನ್ನು ಎಂದಿನಂತೆ ಉಜ್ಜಿ ಮುಗಿಸಿ. ಇನ್ನೊಂದನ್ನು ಆಗಷ್ಟೇ ಮಸೆದ ಉಳಿಯಿಂದ ಹೆರೆದು ಮುಗಿಸಿ. ಎರಡಕ್ಕೂ ಎಷ್ಟು ನಿಮಿಷ ಹಿಡಿಯಿತು ಎಂದು ಫೋನಿನ ಗಡಿಯಾರದಲ್ಲಿ ನೋಡಿ, ಮಸೆದ ಹೊತ್ತನ್ನೂ ಸೇರಿಸಿ ಬರೆದಿಡಿ. ಮುಂದಿನ ಸಲ ಪೀಸಿನ ದರದ ಮಾತು ಬಂದಾಗ ಆ ಚೀಟಿ ಕೈಯಲ್ಲಿರಲಿ.